ದೇವೀರಮ್ಮನ ಸಂಜೆಯ ಹನಿ

ಹೋದ ವಾರ ಹಾಸನದ ಮಾರುಕಟ್ಟೆ ಯಾರ್ಡಿನ ಮುಂದೆ ನಮ್ಮ ವ್ಯಾನು ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡು ಮುಕ್ಕಾಲು ಗಂಟೆ ನಿಂತಿತು. ಮೇ ತಿಂಗಳ ನಡುಭಾಗ. ಹಿಂದಿನ ಸಂಜೆ ಒಂದು ಒಳ್ಳೆಯ ಮಳೆ ಬಿದ್ದಿತ್ತು. ಜಲಂಧರದ ಕಡೆಯಿಂದ ಬಂದ ಬಿತ್ತನೆ ಆಲೂಗೆಡ್ಡೆಯ ಚೀಲಗಳನ್ನು ಹಮಾಲಿಗಳು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದರು. ಒಂದು ಚೀಲ ಹರಿದು ಗೆಡ್ಡೆಗಳು ರಸ್ತೆಗೆ ಉರುಳಿದವು, ಮುಂದಿನ ಲಾರಿಯ ಚಕ್ರ ಅವುಗಳ ಮೇಲೆ ಹತ್ತಿಕೊಂಡು ಹೋಯಿತು. ಒಡೆದ ಹಸಿ ಗೆಡ್ಡೆಯ ವಾಸನೆ, ಅದರ ಜೊತೆಗೆ ಒದ್ದೆ ಗೋಣಿಯ ವಾಸನೆ. ಅದು ಮೂಗಿಗೆ ಬಿದ್ದದ್ದೇ ತಡ, ನಾನು ನಾಲ್ಕು ವರ್ಷ ಹಿಂದಕ್ಕೆ ಹೋಗಿ ಹಳೇಕೋಟೆಯ ಒಂದು ಮನೆಯ ಅಂಗಳದಲ್ಲಿ ನಿಂತಿದ್ದೆ.

ನಾನು ಕಣ್ಣು ಪರೀಕ್ಷೆ ಮಾಡುವವಳು. ಡಾಕ್ಟರಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆ ವರ್ಷ ನಾನೇ ಅದನ್ನು ಮರೆತಿದ್ದೆ. ಹಾಸನದ ಒಂದು ಸಂಸ್ಥೆಯ ವ್ಯಾನಿನಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಊರೂರು ಸುತ್ತುತ್ತೇನೆ. ಅಕ್ಷರದ ಪಟ್ಟಿ ತೂಗುಹಾಕುತ್ತೇನೆ, ಕನ್ನಡಕದ ನಂಬರು ಬರೆಯುತ್ತೇನೆ, ಪೊರೆ ಬಂದವರನ್ನು ಆಪರೇಷನ್ನಿಗೆ ಕಳಿಸುತ್ತೇನೆ. ಅರಕಲಗೂಡಿನಲ್ಲಿ ಹುಟ್ಟಿ ಬೆಳೆದವಳು, ಬಾಯಿ ಸ್ವಲ್ಪ ಜೋರು. ಊರುಗಳಲ್ಲಿ ನನ್ನನ್ನು ‘ಕಣ್ಣಿನ ಮೇಡಮ್ಮು’ ಅನ್ನುತ್ತಾರೆ. ಆ ಹೆಸರು ನನಗೆ ಸ್ವಲ್ಪ ಹೆಚ್ಚಾಗಿಯೇ ಇಷ್ಟ.

ಆ ವರ್ಷ ಹಳೇಕೋಟೆಗೆ ಹದಿನೈದು ದಿನಕ್ಕೊಮ್ಮೆ ಗುರುವಾರ ಹೋಗಬೇಕೆಂದು ಪಟ್ಟಿಯಾಗಿತ್ತು. ಮೊದಲ ಗುರುವಾರ ಶಾಲೆಯ ಮುಂದೆ ವ್ಯಾನು ನಿಲ್ಲಿಸಿ ಹನ್ನೊಂದು ಗಂಟೆಯವರೆಗೆ ಕಾದೆವು. ಒಂದು ನರಪಿಳ್ಳೆಯೂ ಬರಲಿಲ್ಲ. ಡ್ರೈವರ್ ನಾಗರಾಜು ಬೀದಿ ಸುತ್ತಿ ಬಂದು ನಕ್ಕ.

“ಮೇಡಂ, ಇವತ್ತು ನೀವಲ್ಲ, ದೇವ್ರೇ ಬಂದ್ರೂ ಯಾರೂ ಎದ್ದು ಬರಲ್ಲ. ಮಳೆ ಬಿದ್ದೈತೆ. ಊರೆಲ್ಲ ಬಿತ್ನೆ ಗೆಡ್ಡೆ ಕುಯ್ತಾ ಕೂತದೆ.”

ಸರಿ, ಅವರು ಬರದಿದ್ದರೆ ನಾನೇ ಹೋಗುತ್ತೇನೆ ಎಂದು ಟಾರ್ಚು ಹಿಡಿದು ಹೊರಟೆ. ಮೂರನೆಯ ಮನೆಯೇ ಅವರದು. ಅಂಗಳದಲ್ಲಿ ಗೋಣಿತಾಟು ಹಾಸಿ ಗೆಡ್ಡೆಯ ರಾಶಿ ಸುರಿದಿದ್ದರು. ಆರು ಹೆಂಗಸರು ಸುತ್ತ ಕೂತು ಚಾಕುವಿನಲ್ಲಿ ಕೊಯ್ಯುತ್ತಿದ್ದರು. ಇಡೀ ಗೆಡ್ಡೆಯನ್ನು ಬಿತ್ತುವುದಿಲ್ಲ, ಒಂದನ್ನು ಎರಡು ಮೂರು ಹೋಳು ಮಾಡುತ್ತಾರೆ. ಪ್ರತಿ ಹೋಳಿನಲ್ಲೂ ಮೊಳಕೆ ಒಡೆಯುವ ಗುಳಿ ಎರಡಾದರೂ ಇರಬೇಕು. ಇಲ್ಲದ ಹೋಳು ಮಣ್ಣಿಗೆ ಬಿದ್ದರೆ ಕೊಳೆತು ಹೋಗುತ್ತದೆ, ಸಾಲಿನಲ್ಲಿ ಅಷ್ಟು ಜಾಗ ಬೋಳು. ಹಾಗಾಗಿ ಈ ಕೆಲಸಕ್ಕೆ ಯಾರನ್ನೆಂದರೆ ಅವರನ್ನು ಕೂರಿಸುವುದಿಲ್ಲ. ಕೊಯ್ದ ಹೋಳಿಗೆ ಬೂದಿ ಸವರಿ ನೆರಳಲ್ಲಿ ಹರಡುತ್ತಿದ್ದ ಸೊಸೆ ಸಾವಿತ್ರಿ ನನ್ನನ್ನು ಕಂಡು ಎದ್ದು ಬಂದಳು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದಳು. ನಂಬರು ನೋಡಿ ಬರೆದುಕೊಟ್ಟು, “ನಿಮ್ಮತ್ತೆ ಕಣ್ಣೂ ನೋಡಿಬಿಡ್ತೀನಿ, ಕರೀರಿ” ಅಂದೆ.

“ಅತ್ತೆ ಕಣ್ಣಿಗೇನೂ ಆಗಿಲ್ಲ ಮೇಡಮ್ಮು. ತಲೇನೇ ನೆಟ್ಟಗಿಲ್ಲ,” ಎಂದು ದನಿ ತಗ್ಗಿಸಿದಳು.

ಅತ್ತೆ ಎಂದರೆ ದೇವೀರಮ್ಮ. ರಾಶಿಯ ನಡುವೆ ಕೂತಿದ್ದ, ಎಪ್ಪತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಆ ಮನೆಯ ಬಿತ್ತನೆಯ ಉಸ್ತುವಾರಿಯೆಲ್ಲ ಅವರದೇ. ನಾನು ಅವರ ಮಗ್ಗುಲಲ್ಲೇ ನಿಂತು “ನಮಸ್ಕಾರ ಅಮ್ಮ” ಅಂದೆ. ಚಾಕು ನಿಲ್ಲಿಸಿ ಗಾಳಿಯನ್ನು ನೋಡಿದರು, ಮತ್ತೆ ಕೊಯ್ಯತೊಡಗಿದರು.

ಮಗ ರಾಜಣ್ಣ ಹೊರಬಂದು ದೂರುಗಳ ಪಟ್ಟಿ ಒಪ್ಪಿಸಿದ. ಒಂದು ವರ್ಷದಿಂದ ಹೀಗೇ. ಸಾರನ್ನು ತಟ್ಟೆಗೆ ಬಿಡುವ ಬದಲು ಪಕ್ಕದ ನೆಲಕ್ಕೆ ಬಿಡುತ್ತಾರೆ. ಬೀಗರು ಎದುರಿಗೇ ಬಂದರೂ ಮಾತಾಡಿಸದೆ ಹೋಗಿ ದೊಡ್ಡ ಜಗಳವಾಗಿದೆ. ಕಟ್ಟಿದ ಕರುವಿನ ಹಗ್ಗ ಎಡವಿ ಬೀಳುತ್ತಾರೆ. ಬಿದ್ದು, ಇಲ್ಲಿ ಯಾರು ಕಟ್ಟಿದ್ದು ಎಂದು ರೇಗುತ್ತಾರೆ.

“ಅರಳುಮರಳು ಕಣ್ ಮೇಡಮ್ಮು. ಈ ಬಿತ್ನೆ ಒಂದು ಮುಗೀಲಿ ಅಂತಿದ್ದೀನಿ. ಆಮ್ಯಾಕೆ ಚಾಕು ಗೀಕು ಕೈಗೆ ಕೊಡಾಕಿಲ್ಲ. ಒಲದ ಕಡೀಕೂ ಕಳ್ಸಾಕಿಲ್ಲ. ಒಳ್ಗೇ ಕೂರ್ಲಿ.”

“ಕಣ್ಣು ತೋರಿಸಿದ್ದೀರಾ?”

“ಕಣ್ಣಾ?” ಅವನು ನನ್ನನ್ನೇ ಮರುಕದಿಂದ ನೋಡಿದ. “ಬಿತ್ನೆ ಗೆಡ್ಡೆ ಕುಯ್ತಾ ಅವ್ಳೆ, ಕಾಣಾಕಿಲ್ವಾ? ಕಣ್ಣಿಲ್ದೋರು ಅಂಗೆ ಕುಯ್ಯಾಕಾಯ್ತದಾ?”

ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಕಣ್ಣಿನ ಪರೀಕ್ಷೆ ಇರಲಿಲ್ಲ. ಒಂದು ಹೋಳೂ ತಪ್ಪದಂತೆ ಕೊಯ್ಯುತ್ತಾರೆ, ಆದ್ದರಿಂದ ಕಣ್ಣು ಸರಿಯಿದೆ. ಕಣ್ಣು ಸರಿಯಿದ್ದೂ ಬೀಗರು ಕಾಣಲಿಲ್ಲವೆಂದರೆ ತಲೆ ಕೆಟ್ಟಿದೆ. ಲೆಕ್ಕಾಚಾರ ಪಕ್ಕಾ ಆಗಿತ್ತು. ಇಡೀ ಊರು ಅದನ್ನು ಒಪ್ಪಿಕೊಂಡು, ದೇವೀರಮ್ಮನಿಗೆ ಹೇಳಬೇಕಾದ್ದನ್ನೆಲ್ಲ ಅವರ ತಲೆಯ ಮೇಲಿಂದ ಸಾವಿತ್ರಿಗೆ ಹೇಳಲು ಶುರುಮಾಡಿತ್ತು.

ನಾನು ಅವರೆದುರು ಕುಕ್ಕರಗಾಲಲ್ಲಿ ಕೂತೆ. ಮುಖಕ್ಕೆ ಮುಖ ಬಂದಾಗ ಅವರು ನನ್ನನ್ನು ಕಂಡು ಬೆಚ್ಚಿದರು. “ಯಾವಾಗ ಬಂದ್ಯವ್ವಾ?” ಎಂದರು. ಅವರ ಕೈಯನ್ನೇ ನೋಡಿದೆ. ಕಣ್ಣು ಕೈಯ ಮೇಲೆ ಇರಲೇ ಇಲ್ಲ. ಎಡಗೈಯ ಹೆಬ್ಬೆರಳು ಗೆಡ್ಡೆಯ ಸುತ್ತ ಒಂದು ಸುತ್ತು ಸರಿದಾಡಿ, ಎರಡು ಕಡೆ ಚಣ ನಿಂತು, ಚಾಕು ಎಲ್ಲಿ ಇಳಿಯಬೇಕೆಂದು ದಾರಿ ಬಿಡುತ್ತಿತ್ತು.

“ಅಮ್ಮ, ಕಣ್ಣು ಮುಚ್ಚಿಕೊಂಡು ಒಂದು ಕೊಯ್ತೀರಾ?”

ಸುತ್ತಲಿನ ಹೆಂಗಸರು ನಕ್ಕರು. ದೇವೀರಮ್ಮ ನಗಲಿಲ್ಲ. ಕಣ್ಣು ಮುಚ್ಚಿ ಒಂದಲ್ಲ, ಏಳು ಗೆಡ್ಡೆ ಕೊಯ್ದರು. ನಾನು ಒಂದೊಂದೇ ಹೋಳನ್ನು ಎತ್ತಿ ತಿರುವಿ ನೋಡಿದೆ. ಪ್ರತಿಯೊಂದರಲ್ಲೂ ಗುಳಿ ಎರಡಿತ್ತು. ಒಂದರಲ್ಲಿ ಮೂರು. ಇಪ್ಪತ್ತು ವರ್ಷ ಕಣ್ಣಿನ ಕೆಲಸ ಮಾಡಿದ ನನಗೆ ಬೆರಳಿಗೆ ಇಷ್ಟು ಕಾಣುತ್ತದೆಂದು ಗೊತ್ತಿರಲಿಲ್ಲ.

ಆಮೇಲೆ ಎರಡೂ ಕೈ ಅಗಲಿಸಿ ಬೆರಳು ಆಡಿಸಿದೆ. ನನ್ನ ಮೂಗನ್ನೇ ನೋಡುತ್ತಾ, ಬೆರಳು ಕಂಡ ಕೂಡಲೇ ಹೇಳಿ ಅಂದೆ. ಬೆರಳು ಹತ್ತಿರ ತಂದೆ, ಇನ್ನೂ ಹತ್ತಿರ ತಂದೆ. ಬಹುತೇಕ ನನ್ನ ಕೆನ್ನೆಗೆ ತಾಗುವಷ್ಟು ಬಂದ ಮೇಲೆ “ಈಗ” ಎಂದರು. ಬೀಸುವ ಕಲ್ಲಿನ ಬಾಯಿಯಷ್ಟು ಕಿರಿದಾದ ಜಾಗದಲ್ಲಿ ಅವರಿಗೆ ಲೋಕ ಕಾಣುತ್ತಿತ್ತು. ಅದರಾಚೆಗೆ ಬೀಗರೂ ಇರಲಿಲ್ಲ, ತಟ್ಟೆಯೂ ಇರಲಿಲ್ಲ, ಕರುವಿನ ಹಗ್ಗವೂ ಇರಲಿಲ್ಲ.

ವ್ಯಾನಿಗೆ ಕರೆದುಕೊಂಡು ಹೋಗಿ ಗಾಳಿ ಊದುವ ಮಷೀನಿಗೆ ಕೂರಿಸಿದೆ. ಕಣ್ಣಿನೊಳಗಿನ ಒತ್ತಡ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಗ್ಲಾಕೋಮಾ. ಇದು ನೋಯಿಸದೆ, ಕೆಂಪಾಗದೆ, ಅಂಚಿನಿಂದ ಒಳಗೆ ನೋಟವನ್ನು ತಿನ್ನುತ್ತಾ ಬರುವ ಕಾಯಿಲೆ.

“ಕಣ್ಣಿಗೂ ಬೀಪಿ ಬತ್ತದಾ?” ಎಂದು ರಾಜಣ್ಣ ಬಾಯಿ ಬಿಟ್ಟುಕೊಂಡು ನಿಂತ.

ಮುಂದಿನ ವಾರ ನಾನೇ ಅವರನ್ನು ಹಾಸನದ ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಪಾಪೆ ಅಗಲವಾಗಲು ಹನಿ ಹಾಕಿ, ದೇವೀರಮ್ಮನ ಕಣ್ಣಿನ ಹಿಂಭಾಗದ ಚಿತ್ರ ತೆಗೆದು ಕಂಪ್ಯೂಟರಿನ ಪರದೆಗೆ ತಂದರು. ಕಿತ್ತಳೆ ಬಣ್ಣದ ಹಿನ್ನೆಲೆ, ಕೆಂಪು ರಕ್ತನಾಳಗಳು, ನಡುವೆ ಅವೆಲ್ಲ ಬಂದು ಸೇರುವ ತಿಳಿ ಹಳದಿ ಬಿಲ್ಲೆ. ಇಂಥ ಚಿತ್ರ ನಾನು ನೂರಾರು ನೋಡಿದ್ದೆ. ಬಿಲ್ಲೆಯ ನಡುವೆ ಗುಂಡಿ ಬಿದ್ದಿದ್ದರೆ ಗ್ಲಾಕೋಮಾ, ಫಾರಂನಲ್ಲಿ ಅದಕ್ಕೊಂದು ಗುರುತು. ನನಗೆ ಅದು ಅಷ್ಟೇ ಆಗಿತ್ತು.

“ಇದು ಏನು ಗೊತ್ತಾ?” ಎಂದು ಡಾಕ್ಟರು ಬಿಲ್ಲೆಯ ಮೇಲೆ ಪೆನ್ನಿಟ್ಟರು.

“ಕಣ್ಣಿನ ನರ ಸರ್.”

“ಹೆಸರು ಹಾಗೆ. ನಿಜವಾಗಿ ಇದು ಮಿದುಳಿನದೇ ಭಾಗ ಕಣಮ್ಮ. ಮಿದುಳು ತಲೆಬುರುಡೆಯೊಳಗೆ ಬಾಗಿಲು ಹಾಕ್ಕೊಂಡು ಕೂತಿದೆ. ಹೊರಗೆ ಏನಿದೆ ಅಂತ ನೋಡೋಕೆ ಇಲ್ಲೀತನಕ ಬಂದಿದೆ. ಒಬ್ಬ ಬದುಕಿರೋ ಮನುಷ್ಯನ ಮಿದುಳನ್ನ ಕೊಯ್ಯದೆ, ಮುಟ್ಟದೆ, ಬರೀ ಬೆಳಕು ಬಿಟ್ಟು ನೋಡಬಹುದಾದ ಜಾಗ ಇದೊಂದೇ.”

ನಾನು ಪರದೆ ನೋಡಿದೆ. ಪಕ್ಕದಲ್ಲಿ ದೇವೀರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಕೂತಿದ್ದರು. ಅವರ ಮದುವೆ, ಹೆರಿಗೆ, ಅವರು ಬಿತ್ತಿದ ಐವತ್ತು ಮುಂಗಾರು ಎಲ್ಲವನ್ನೂ ಇಟ್ಟುಕೊಂಡಿರುವ ಆ ಒಳಮನೆಯ ಹೊಸ್ತಿಲು ನನ್ನ ಎದುರಿಗೆ ಬೆಳಗುತ್ತಿತ್ತು. ಇಷ್ಟು ವರ್ಷ ಅದರ ಮುಂದೆ ನಿಂತು ಫಾರಂ ತುಂಬಿದ್ದೆನಲ್ಲ ಎನಿಸಿ ನಾಚಿಕೆಯಾಯಿತು. ದೇವಸ್ಥಾನದಲ್ಲಿ ಆಗುವಂತೆ ಕೈ ತಾನಾಗಿ ಎದೆಯ ಹತ್ತಿರ ಬಂತು. ಡಾಕ್ಟರು ಅದನ್ನು ನೋಡಿದರೋ ಇಲ್ಲವೋ.

ಹೋದ ನೋಟ ಬರುವುದಿಲ್ಲ, ಉಳಿದಿರುವುದನ್ನು ಉಳಿಸಿಕೊಳ್ಳಬಹುದು ಎಂದರು. ಪ್ರತಿ ಸಂಜೆ ಎರಡೂ ಕಣ್ಣಿಗೆ ಒಂದೊಂದು ಹನಿ, ಬದುಕಿರುವವರೆಗೆ. ಚೀಟಿ ಬರೆಯುತ್ತಾ ಕೇಳಿದರು: “ಮರೆವು ಏನಾದ್ರೂ ಇದೆಯಾ ಇವರಿಗೆ?”

ದೇವೀರಮ್ಮ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. “ಇಲ್ಲ ಸರ್. ಮನೆಯವರು ಹಾಗಂದುಕೊಂಡಿದ್ರು. ಎಲ್ಲ ಕಣ್ಣಿಂದ ಆಗಿರೋದು.”

“ಹೌದಾ. ನೋಡ್ತಾ ಇರಿ,” ಎಂದಷ್ಟೇ ಅಂದರು. ಆ ಎರಡು ಪದಕ್ಕೆ ನಾನು ಕಿವಿಗೊಡಲಿಲ್ಲ. ನಾನು ಗೆದ್ದ ಅಮಲಿನಲ್ಲಿದ್ದೆ.

ಹಳೇಕೋಟೆಗೆ ಮರಳಿ ಬಂದ ಗುರುವಾರ ಅಂಗಳದಲ್ಲಿ ನಿಂತು, ಬೀದಿಗೆ ಕೇಳಿಸುವಂತೆ ಸಾರಿದೆ: ದೇವೀರಮ್ಮನ ತಲೆ ನಿಮ್ಮೆಲ್ಲರ ತಲೆಗಿಂತ ಸರಿಯಾಗಿದೆ, ಕೆಟ್ಟಿರುವುದು ಕಣ್ಣು, ಮಾತಾಡಿಸುವವರು ಎದುರಿಗೆ ಬಂದು ನಿಂತು ಮಾತಾಡಿಸಿ. ರಾಜಣ್ಣ ಕಣ್ಣಲ್ಲಿ ನೀರು ತಂದುಕೊಂಡ. ಬೀಗರಿಗೆ ಆವತ್ತೇ ಫೋನು ಹೋಯಿತು. ದೇವೀರಮ್ಮ ಜಗಲಿಯ ಮೇಲೆ ಗತ್ತಿನಿಂದ ಕೂತು, “ಅರಳುಮರಳು ಅಂತಿದ್ರಲ್ಲಾ, ಬನ್ರಲಾ ಈಗ,” ಎಂದು ಬಂದವರನ್ನೆಲ್ಲ ಛೇಡಿಸಿದರು. ನನ್ನ ಕೈ ಹಿಡಿದುಕೊಂಡು, “ನನ್ ಮಾನ ಉಳಿಸ್ದೆ ಕಣ್ ಮಗಾ,” ಎಂದರು. ಬೊಗಸೆ ತುಂಬ ಅವಲಕ್ಕಿ ಬೆಲ್ಲ ಕೊಟ್ಟರು. ಅಷ್ಟು ರುಚಿಯಾದ ಅವಲಕ್ಕಿ ನಾನು ಆಮೇಲೆ ತಿಂದಿಲ್ಲ.

ಹೊರಡುವಾಗ ಸಾವಿತ್ರಿ ಕಿರುಬೆರಳಷ್ಟಿದ್ದ ಹನಿ ಬಾಟಲಿಯನ್ನು ಕೈಯಲ್ಲಿಟ್ಟುಕೊಂಡು ಕೇಳಿದಳು: “ನಾನೇ ಆಕ್ಲಾ ಮೇಡಮ್ಮು ದಿನಾ?”

“ಯಾಕೆ? ಅವರೇನು ಮಗುವಾ? ಅವರೇ ಹಾಕಿಕೋತಾರೆ, ಅವರ ಕೈಗೆ ಕೊಡಿ,” ಎಂದು ಗದರಿದೆ. ಅವಳು ಇನ್ನೇನೋ ಹೇಳಲು ಹೋಗಿ, ಬಾಟಲಿಯನ್ನು ಅತ್ತೆಯ ಕೈಗಿಟ್ಟಳು.

ಆ ವರ್ಷದ ಮಳೆ ಹದವಾಗಿ ಬಂತು. ಜೂನ್ ಮುಗಿಯುವ ಹೊತ್ತಿಗೆ ಹೊಲಗಳಲ್ಲಿ ಸಾಲು ಮುಚ್ಚುವಂತೆ ಗಿಡ ಬೆಳೆದಿತ್ತು. ರಾಜಣ್ಣನ ಹೊಲದಲ್ಲಿ ಒಂದು ಗುಣಿಯೂ ಬೋಳಿರಲಿಲ್ಲ. ಬಿಳಿಯ ಹೂ ಬಿಟ್ಟಾಗ ನಾಗರಾಜು ವ್ಯಾನು ನಿಲ್ಲಿಸಿ ನೋಡುತ್ತಿದ್ದ. ಜುಲೈಯಲ್ಲಿ ಮೋಡ ಕವಿದು ಎಂಟು ದಿನ ಬಿಸಿಲೇ ಕಾಣದೆ, ಎಲೆಗೆ ಅಂಗಮಾರಿ ಬೀಳುತ್ತದೆಂದು ಊರೆಲ್ಲ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯಿತು. ಶೆಟ್ಟಿಹಳ್ಳಿಯ ಕಡೆ ಕ್ಯಾಂಪಿಗೆ ಹೋದಾಗ ಹೇಮಾವತಿ ಹಿನ್ನೀರು ಏರಿ ಹಳೆಯ ಚರ್ಚಿನ ಗೋಡೆಗಳು ಸೊಂಟದವರೆಗೆ ಮುಳುಗಿದ್ದವು. ಬಾಗೂರಿನ ಕ್ಯಾಂಪಿನಲ್ಲೂ, ಅರಕಲಗೂಡಿನಲ್ಲೂ ದೇವೀರಮ್ಮನ ಕತೆಯನ್ನು ಹೇಳಿದ್ದೇ ಹೇಳಿದ್ದು. ಕಣ್ಣಿನ ದೋಷವನ್ನು ತಲೆಯ ದೋಷ ಅಂದುಕೊಂಡ ಊರಿನ ಕತೆ, ಅದನ್ನು ಬಿಡಿಸಿದ ಮೇಡಮ್ಮನ ಕತೆ.

ಆಗಸ್ಟ್ ಮೊದಲ ಗುರುವಾರ ಹೊಸ ಬಾಟಲಿ ಕೊಡಲು ಅವರ ಮನೆಗೆ ಹೋದೆ. ಹಳೆಯದನ್ನು ತನ್ನಿ ಅಂದೆ. ಒಂದು ಬಾಟಲಿ ಒಂದು ತಿಂಗಳಿಗೆ. ಜುಲೈ ಶುರುವಿನಲ್ಲಿ ಕೊಟ್ಟದ್ದು ಅಷ್ಟರಲ್ಲಿ ಮುಗಿದಿರಬೇಕು. ಬೆಳಕಿಗೆ ಹಿಡಿದು ಅಲ್ಲಾಡಿಸಿದೆ. ಮುಕ್ಕಾಲು ಪಾಲು ತುಂಬಿತ್ತು. ಒತ್ತಡ ನೋಡಿದೆ. ಇಳಿದೇ ಇರಲಿಲ್ಲ.

ಸಿಟ್ಟು ನೆತ್ತಿಗೇರಿತು. ಇವರಿಗಾಗಿ ಊರೊಂದಿಗೆ ಜಗಳವಾಡಿದೆ, ಇವರೋ ಒಂದು ಹನಿ ಬಿಟ್ಟುಕೊಳ್ಳಲು ಸೋಮಾರಿತನ. ನಾಲ್ಕು ಜನ ಹೆಂಗಸರು ಕೂತಿದ್ದರು, ಅದನ್ನೂ ನೋಡಲಿಲ್ಲ.

“ದಿನಾ ಹಾಕಿಕೊಂಡ್ರಾ?”

“ಊಂ ಕಣವ್ವ. ದಿನಾ.”

“ಸುಳ್ಳು ಹೇಳಬೇಡಿ ಅಮ್ಮ. ಇಷ್ಟು ವಯಸ್ಸಾಗಿ ಸುಳ್ಳು ಹೇಳ್ತೀರಲ್ಲ. ಬಾಟಲಿ ಇಲ್ಲೇ ಇದೆ, ನೋಡಿ. ಯಾರಿಗೆ ಮೋಸ ಇದು?”

ದೇವೀರಮ್ಮನ ಮುಖ ಕೆಂಪಾಯಿತು. ಬೆನ್ನು ನೆಟ್ಟಗೆ ಮಾಡಿ ಕೂತರು. “ನಾನ್ಯಾಕೆ ಸುಳ್ಳೇಳ್ಲಿ? ನನ್ ಕೈ ನಡುಗ್ತದೆ ಅಂತ ನಮ್ಮೆಜಮಾನ್ರೇ ಬುಡ್ತಾರೆ. ಸಂಜೆ ಒಲದಿಂದ ಬಂದು, ಕೈಕಾಲು ತೊಳ್ಕಂಡು, ಅವ್ರೇ ಬುಡ್ತಾರೆ. ಬೇಕಾದ್ರೆ ಅವ್ರು ಬರ್ಲಿ, ಕೇಳು.”

ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಒಳಗಿನ ಗೋಡೆಯ ಮೇಲೆ ಹಾರ ಹಾಕಿದ ಯಜಮಾನರ ಫೋಟೋ ನಾನು ನಿಂತಲ್ಲಿಂದಲೇ ಕಾಣುತ್ತಿತ್ತು. ದೇವೀರಮ್ಮ ಸುಳ್ಳು ಹೇಳುತ್ತಿರಲಿಲ್ಲ. ಅವರ ದನಿಯಲ್ಲಿ ಗಂಡ ಈಗ ಬರುತ್ತಾನೆ ಎನ್ನುವ ಧೈರ್ಯವಿತ್ತು. ಹನಿ ಬಿಡುವ ಗಂಡಸು ಅಷ್ಟು ಸ್ಪಷ್ಟವಾಗಿ ಆ ಮಾತಿನಲ್ಲಿ ನಿಂತಿದ್ದ, ನಾನೇ ಒಮ್ಮೆ ಬೀದಿಯ ಕಡೆ ತಿರುಗಿ ನೋಡಿದೆ.

ಸಾವಿತ್ರಿ ನನ್ನನ್ನು ಕೊಟ್ಟಿಗೆಯ ಕಡೆ ಕರೆದುಕೊಂಡು ಹೋದಳು.

“ನಿನಗೆ ಗೊತ್ತಿತ್ತಾ?” ಎಂದೆ.

“ಎರಡು ತಿಂಗ್ಳಿಂದ ಗೊತ್ತೈತೆ ಮೇಡಮ್ಮು. ಮಾವನ್ಗೆ ತಟ್ಟೆ ಆಕು ಅಂತಾರೆ. ಉಂಡದ್ದು ಮರೀತಾರೆ.”

“ಹೇಳಬಾರದಾಗಿತ್ತಾ?”

ಅವಳು ತಲೆ ತಗ್ಗಿಸಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. “ನೀವೇ ಎಲ್ರೆದ್ರೂವೆ ತಲೆ ಸರಿಯಾಗೈತೆ ಅಂದ್ಬುಟ್ರಲ್ಲ. ಅತ್ತೆಗೆ ಎಷ್ಟು ಖುಷಿಯಾಗಿತ್ತು. ನಾನು ಸೊಸೆ. ನಾನೆಂಗೆ ಇಲ್ಲ ಅಂತ ಯೋಳ್ಲಿ?”

ನನ್ನ ಜೀವಮಾನದಲ್ಲಿ ಯಾರ ಬೈಗುಳವೂ ಅಷ್ಟು ನಾಟಿರಲಿಲ್ಲ. ಅವಳು ಬೈದಿರಲೇ ಇಲ್ಲ. ಊರಿನವರು ಕಣ್ಣು ಬಿಟ್ಟು ತಲೆ ಅಂದಿದ್ದರು. ನಾನು ತಲೆ ಬಿಟ್ಟು ಕಣ್ಣು ಅಂದೆ. ಎರಡೂ ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದವಳೊಬ್ಬಳ ಬಾಯನ್ನು ನಾನು ಮುಚ್ಚಿಸಿದ್ದೆ. ಆ ಎರಡು ತಿಂಗಳಲ್ಲಿ ಆ ಕಿರಿದಾದ ಬೆಳಕಿನ ಜಾಗ ಇನ್ನೆಷ್ಟು ಕಿರಿದಾಯಿತೋ.

ಮತ್ತೆ ಹಾಸನ. ಈ ಸಲ ಸಾವಿತ್ರಿಯೂ ಬಂದಳು. ಡಾಕ್ಟರ ಮುಂದೆ ನಾನು ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ಅದೇ ಹಳದಿ ಬಿಲ್ಲೆಯನ್ನು ಪರದೆಗೆ ತಂದು ಬಹಳ ಹೊತ್ತು ನೋಡಿದರು.

“ಸರ್, ಈ ನರ ಹೋಗ್ತಾ ಇರೋದಕ್ಕೂ ಆ ಮರೆವಿಗೂ ಸಂಬಂಧ ಇದೆಯಾ?”

“ಇರಬಹುದು ಅಂತ ಹೇಳೋರಿದ್ದಾರೆ. ಗ್ಲಾಕೋಮಾ ಇರೋರಲ್ಲಿ ಮರೆವಿನ ಕಾಯಿಲೆ ಸ್ವಲ್ಪ ಹೆಚ್ಚು ಕಾಣುತ್ತೆ ಅಂತಾರೆ. ಹುಡುಕಿದ್ವಿ, ಅಂಥದ್ದೇನೂ ಸಿಗಲಿಲ್ಲ ಅನ್ನೋರೂ ಇದ್ದಾರೆ. ಎರಡೂ ವಯಸ್ಸಾದವರಿಗೇ ಬರೋದು, ಬರೀ ಜೊತೆಗೆ ಬಂದಿರಬಹುದು. ಕಣ್ಣು ಮಂದವಾದರೆ ಮಿದುಳಿಗೆ ಕೆಲಸ ಕಮ್ಮಿಯಾಗಿ ಅದೂ ಮಂದವಾಗುತ್ತಾ? ಇಲ್ಲ, ಒಂದೇ ಕೇಡು ಎರಡು ಕಡೆ ಕಾಣಿಸಿಕೊಳ್ತಾ ಇದೆಯಾ? ಗೊತ್ತಿಲ್ಲ.” ಕನ್ನಡಕ ತೆಗೆದು ಒರೆಸಿದರು. “ಮೂವತ್ತು ವರ್ಷದಿಂದ ಈ ಕಿಂಡೀಲಿ ಬಗ್ಗಿ ನೋಡ್ತಾ ಇದ್ದೀನಿ. ಒಳಗೆ ಏನು ನಡೀತಿದೆ ಅಂತ ಗೊತ್ತಿಲ್ಲ ಕಣಮ್ಮ.”

ಎಲ್ಲ ತಿಳಿದವರಂತೆ ಮಾತಾಡುತ್ತಿದ್ದ ನಾನು, ಅಷ್ಟು ತಿಳಿದವರು ‘ಗೊತ್ತಿಲ್ಲ’ ಅಂದದ್ದನ್ನು ಕೇಳಿ ಮತ್ತೆ ಪರದೆಯ ಕಡೆ ತಿರುಗಿದೆ. ಅವರ ದನಿಯಲ್ಲಿ ಸೋಲಿರಲಿಲ್ಲ. ತುಂಬಿದ ಹೊಳೆಯ ದಡದಲ್ಲಿ ನಿಂತವರು ಮಾತಾಡುವ ದನಿ ಅದು. ಆಮೇಲೆ ಖಡಾಖಂಡಿತವಾಗಿ ಒಂದು ಮಾತು ಹೇಳಿದರು. “ಗ್ಲಾಕೋಮಾ ಬಂದವರಿಗೆಲ್ಲ ಮರೆವು ಬರುತ್ತೆ ಅಂತ ಊರೂರಲ್ಲಿ ಸಾರಿಬಿಡಬೇಡ. ಹಾಗಿಲ್ಲ. ಆದರೆ ಹನಿ ಯಾರು ಹಾಕ್ತಾರೆ ಅಂತ ಮಾತ್ರ ಪ್ರತಿಯೊಬ್ಬರನ್ನೂ ಕೇಳು.”

ಮರೆವಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿಯೂ ತೋರಿಸಿದೆವು. ಮರೆವು ನಿಜ ಎಂದರು, ಮಾತ್ರೆ ಕೊಟ್ಟರು, ತಡೆಯಬಹುದೆಂಬ ಮಾತು ಕೊಡಲಿಲ್ಲ. ಅಂದಿನಿಂದ ಬಾಟಲಿ ಸಾವಿತ್ರಿಯ ಕೈಗೆ ಬಂತು. ಸಂಜೆ ಡೈರಿಗೆ ಹಾಲು ಹಾಕಿ ಬಂದು ಕೈ ತೊಳೆದ ಕೂಡಲೇ ಹನಿ. ಡೈರಿ ತಪ್ಪಿದರಲ್ಲವೇ ಅದು ತಪ್ಪುವುದು.

ಸೆಪ್ಟೆಂಬರಿನಲ್ಲಿ ಗೆಡ್ಡೆ ಕೀಳುವ ಹೊತ್ತಿಗೆ ನಾನು ಹೊಲಕ್ಕೇ ಹೋದೆ. ಕ್ಷಮೆ ಕೇಳಬೇಕಿತ್ತು. ನೇಗಿಲು ಹೊಡೆದು, ಮೇಲೆ ಬಂದ ಗೆಡ್ಡೆಯನ್ನೆಲ್ಲ ಆಳುಗಳು ಆಯ್ದುಕೊಂಡು ಮುಂದೆ ಹೋಗಿದ್ದರು. ಅವರ ಹಿಂದೆ ದೇವೀರಮ್ಮ ಕೂತು ಸರಿಯುತ್ತಾ, ಎರಡೂ ಕೈಯನ್ನು ಮಣ್ಣಿಗೆ ಇಳಿಸಿ, ಕಣ್ಣಿದ್ದವರು ಬಿಟ್ಟು ಹೋದದ್ದನ್ನೆಲ್ಲ ತೆಗೆದು ಕುಕ್ಕೆಗೆ ಹಾಕುತ್ತಿದ್ದರು. ಕುಕ್ಕೆ ತುಂಬಿತ್ತು. ಎದುರಿಗೆ ಹೋಗಿ ಕೂತೆ.

“ಅಮ್ಮ, ಆವತ್ತು ಎಲ್ಲರೆದುರು ನಿಮ್ಮನ್ನ ಸುಳ್ಳು ಹೇಳ್ತೀರಿ ಅಂತ ಬೈದೆ. ತಪ್ಪಾಯ್ತು.”

ಅವರು ಮಣ್ಣಿನ ಕೈ ಎತ್ತಿ ನನ್ನ ಮೊಣಕಾಲಿನ ಮೇಲಿಟ್ಟರು. “ನೀನು ನನ್ನ ಬೈದ್ಯಾ? ಯಾವಾಗ್ಲವ್ವಾ? ನೀನು ಒಳ್ಳೇವ್ಳು ಕಣ್ ಮಗಾ, ನೀನ್ಯಾಕೆ ಬೈದೀಯ?”

ನೆನಪಿಲ್ಲದವರಿಂದ ಕ್ಷಮೆ ಸಿಗುವುದಿಲ್ಲ ಎಂದು ನನಗೆ ಆ ಹೊಲದಲ್ಲಿ ಗೊತ್ತಾಯಿತು. ಅವರ ಪಾಲಿಗೆ ಆ ತಪ್ಪು ನಡೆದೇ ಇರಲಿಲ್ಲ. ಅದನ್ನು ಇನ್ನು ನಾನೊಬ್ಬಳೇ ಹೊರಬೇಕು. ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಏನು ಮಾಡುವುದೆಂದು ತಿಳಿಯದೆ ನಾಗರಾಜು ನೀರಿನ ಬಾಟಲಿ ತಂದುಕೊಟ್ಟ.

ಮುಂದಿನ ವರ್ಷ ನನ್ನನ್ನು ಚನ್ನರಾಯಪಟ್ಟಣದ ಕಡೆಗೆ ಹಾಕಿದರು. ಹಳೇಕೋಟೆಗೆ ಬೇರೆಯವರು ಹೋಗತೊಡಗಿದರು. ಅಂದಿನಿಂದ ಎಲ್ಲಿಗೆ ಹೋದರೂ ಗ್ಲಾಕೋಮಾ ಇರುವವರಿಗೆ ನನ್ನ ಮೊದಲ ಪ್ರಶ್ನೆ ಒಂದೇ: ಹನಿ ಯಾರು ಹಾಕ್ತಾರೆ? ‘ನಾನೇ ಹಾಕ್ಕೋತೀನಿ’ ಎಂದರೆ ಬಾಟಲಿ ತೋರಿಸಿ ಅನ್ನುತ್ತೇನೆ. ದನಿ ಮಾತ್ರ ತಗ್ಗಿದೆ.

ಹೋದ ವಾರ ಯಾರ್ಡಿನ ಮುಂದೆ ದಾರಿ ಬಿಟ್ಟ ಮೇಲೆ ನಾಗರಾಜುವಿಗೆ, “ಇವತ್ತು ಕ್ಯಾಂಪು ಮುಗಿಸಿ ಹಳೇಕೋಟೆಗೆ ಹೋಗೋಣ” ಅಂದೆ.

ತಲುಪಿದಾಗ ಸಂಜೆ ಐದೂವರೆ. ಅಂಗಳದಲ್ಲಿ ಅದೇ ಗೋಣಿತಾಟು, ಗೆಡ್ಡೆಯ ರಾಶಿ, ಅದೇ ವಾಸನೆ. ರಾಜಣ್ಣ ಹೋಳುಗಳಿಗೆ ಬೂದಿ ಸವರುತ್ತಿದ್ದ. ದೇವೀರಮ್ಮ ಜಗಲಿಯ ಮೇಲೆ ಕೂತಿದ್ದರು, ಸೊರಗಿದ್ದರು. ಎದುರಿಗೆ ಹೋಗಿ ನಿಂತೆ. ನನ್ನ ಗುರುತಿರಲಿಲ್ಲ. ಟಾರ್ಚಿನಂಥ ನನ್ನ ಉಪಕರಣ ತೆಗೆದು, “ಕಣ್ಣು ನೋಡ್ತೀನಮ್ಮ” ಅಂದೆ. ಬೇಡವೆನ್ನಲಿಲ್ಲ. ಬಗ್ಗಿ ನೋಡಿದೆ. ಹಳದಿ ಬಿಲ್ಲೆ, ನಡುವೆ ಗುಂಡಿ, ಗುಂಡಿಯ ಸುತ್ತ ತೆಳುವಾಗಿ ಉಳಿದ ಅಂಚು. ಹಾಸನದ ಪರದೆಯಲ್ಲಿ ಕಂಡಿದ್ದ ಆ ಅಂಚು ಹೆಚ್ಚುಕಮ್ಮಿ ಹಾಗೇ ಇತ್ತು. ಮತ್ತೆ ಬೆರಳಾಡಿಸಿ ನೋಡಿದೆ. ಆವತ್ತು ಎಲ್ಲಿ ‘ಈಗ’ ಎಂದಿದ್ದರೋ ಅಲ್ಲೇ ತಲೆಯಾಡಿಸಿದರು. ಒಳಗಿನ ಮನೆ ಕೋಣೆ ಕೋಣೆಯಾಗಿ ಕತ್ತಲಾಗುತ್ತಿತ್ತು, ಹೊಸ್ತಿಲು ಮಾತ್ರ ನಾಲ್ಕು ವರ್ಷದಿಂದ ಕದಲದೆ ನಿಂತಿತ್ತು. ನನ್ನ ಕೈ ಮತ್ತೆ ಎದೆಯ ಹತ್ತಿರ ಬಂತು. ಈ ಸಲ ಯಾರಿಗಾಗಿ ಬಂತೆಂದು ಚೆನ್ನಾಗಿ ಗೊತ್ತಿತ್ತು.

ಸಾವಿತ್ರಿ ಹಾಲಿನ ಕ್ಯಾನು ಹಿಡಿದು ಡೈರಿಯಿಂದ ಬರುತ್ತಿದ್ದಳು. ನನ್ನನ್ನು ಕಂಡು, “ಅಯ್ಯೋ, ಕಣ್ಣಿನ ಮೇಡಮ್ಮು! ಇರಿ, ಬತ್ತೀನಿ,” ಎಂದು ಒಳಗೆ ಹೋಗಿ ಕೈ ತೊಳೆದುಕೊಂಡು ಬಾಟಲಿ ತಂದಳು. ನಾನು ಈಸಿಕೊಂಡು ಬೆಳಕಿಗೆ ಹಿಡಿದೆ. ತಳದಲ್ಲಿ ಒಂದೆರಡು ಹನಿ ಉಳಿದಿತ್ತು.

“ಇದ್ರ ತಿಂಗಳು ಮುಗೀತಾ ಬಂತು. ನಾಳೀಕೆ ಹೊಸದು ಒಡೀಬೇಕು,” ಎಂದಳು.

ಆಮೇಲೆ ಅತ್ತೆಯ ನೇರ ಎದುರಿಗೆ, ಬೆಳಕಿನ ಆ ಕಿರಿದಾದ ಜಾಗಕ್ಕೆ ಸರಿಯಾಗಿ ಮುಖ ಹಿಡಿದು ನಿಂತಳು.

“ಯಾರವ್ವ ನೀನು?” ಎಂದರು ದೇವೀರಮ್ಮ.

“ಸಾವಿತ್ರಿ ಕಣತ್ತೆ.”

“ಯಾವೂರು?”

“ಇದೇ ಊರು.”

ಹೇಳಿಸಿಕೊಳ್ಳದೆಯೇ ದೇವೀರಮ್ಮ ಮುಖವೆತ್ತಿದರು. ತಾವೇ ಬೆರಳಿಂದ ಕೆಳರೆಪ್ಪೆ ಎಳೆದು ಹಿಡಿದರು. ಒಂದು ಹನಿ, ಇನ್ನೊಂದು ಹನಿ. ಕಣ್ಣು ಮುಚ್ಚಿ ಅಲುಗದೆ ಕೂತರು. ತೆರೆದಾಗ ಎದುರಿಗೆ ನಿಂತಿದ್ದ ಮುಖವನ್ನು ಮೊದಲ ಸಲ ಕಾಣುವವರಂತೆ ಹಣೆಯಿಂದ ಗಲ್ಲದವರೆಗೆ ನೋಡಿದರು.

“ಎಷ್ಟು ಲಕ್ಷಣವಾಗಿದ್ದೀಯವ್ವಾ ನೀನು,” ಎಂದರು.

ಸಾವಿತ್ರಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನನ್ನ ಕಡೆ ನೋಡಿ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು.

“ದಿನಾ ಇಂಗೇ ಅಂತಾರೆ ಮೇಡಮ್ಮು. ಮದ್ವೆಯಾಗಿ ಬಂದು ಅದಿನೆಂಟು ವರ್ಷ, ನೆಪ್ಪಿದ್ದಾಗ ಒಂದ್ಸಲಾನೂ ಅಂದಿರ್ಲಿಲ್ಲ.”